ಹೊಸ್ತಿಲಿಲ್ಲದ ಮನೆಯ ಹೊಸ್ತಿಲು

ನಾನು ಒಂದು ಹೊಸ್ತಿಲು. ಹಲಸಿನ ಮರದವಳು, ನಾಲ್ಕಡಿ ಉದ್ದ. ಮೈಸೂರಿನ ಪಕ್ಕ ಇಲವಾಲದ ಆಚೆ ಕಟ್ಟಲಿದ್ದ ಒಂದು ವಾರಾಂತ್ಯದ ಮನೆಗಾಗಿ ಬಡಗಿ ಸಿದ್ಧಾಚಾರಿ ಮೂರು ದಿನ ಕೂತು ನನ್ನನ್ನು ಕೆತ್ತಿದ. ಮಾಡಿಸಿದವಳು ಚೆಲುವಮ್ಮ, ಮನೆಯೊಡತಿ ವಾರಿಜಳ ಅತ್ತೆ. ಇನ್ನೂ ಗೋಡೆ ಎದ್ದಿರಲಿಲ್ಲ, ಆಗಲೇ ನನಗೆ ಅರಿಶಿನ ಕುಂಕುಮ ಇಟ್ಟಿದ್ದಳು. ನನಗೋ ಜಂಭವೋ ಜಂಭ!

ಆ ಜಂಭ ಇಳಿಸಿದವನು ಆರ್ಕಿಟೆಕ್ಟ್ ಚಂದನ್. ಅವನ ನಕ್ಷೆಯಲ್ಲಿ ಬಿಳಿ ಗೋಡೆ, ತೋಟದ ಕಡೆಗೆ ಸರಿಯುವ ಗಾಜು, ಅಷ್ಟೇ.

"ಹೊಸ್ತಿಲು ಬೇಡ ಮೇಡಂ. ಮನೆ ಎಲ್ಲಿ ಮುಗೀತು, ತೋಟ ಎಲ್ಲಿ ಶುರುವಾಯ್ತು, ಗೊತ್ತೇ ಆಗ್ಬಾರ್ದು" ಎಂದ.

"ಹೊಸ್ಲಿಲ್ದೆ ಇರೋದೂ ಒಂದು ಮನೆನೇನಪ್ಪ?" ಎಂದಳು ಚೆಲುವಮ್ಮ. "ಬಂದೋರಿಗೆ ನಿಂತ್ಕೋ ಅನ್ನೋರು ಯಾರು?"

ವಾರಿಜ ನಕ್ಕಳು. "ಇದನ್ನ ತೋಟದಲ್ಲಿ ಬೆಂಚ್ ಮಾಡ್ಸೋಣ ಬಿಡಿ ಅತ್ತೆ."

ಅಯ್ಯೋ ನನ್ನ ಹಣೆಬರಹವೇ! ತಾವರೆಕೊಳದ ಹತ್ತಿರ, ನೇರಳೆ ಮರದಡಿ, ಎರಡು ಕಲ್ಲಿನ ಮೇಲೆ ನನ್ನನ್ನು ಹಾಸಿದರು. ಹೊಸ್ತಿಲ ಮೇಲೆ ಕೂರಬಾರದೆಂಬ ಬುದ್ಧಿ ಬೇಡವೇ? ಬಂದವರೆಲ್ಲ ಕೂತರು. ಕೂರದವಳು ಚೆಲುವಮ್ಮ ಒಬ್ಬಳೇ. ಮಂಡಿನೋವಿದ್ದರೂ ನನ್ನ ಪಕ್ಕ ಹುಲ್ಲಿನ ಮೇಲೆ ಕೂತು, ಆರು ವರ್ಷದ ಮೊಮ್ಮಗಳು ಇಳಾಳನ್ನು ತೊಡೆಗೆ ಎಳೆದುಕೊಂಡು ಎಲೆಅಡಿಕೆ ಹಾಕುತ್ತಿದ್ದಳು. ಭಾನುವಾರ ಹೊರಡುವಾಗ ನನ್ನ ಮೈ ಸವರಿ "ಬರ್ತೀನಿ ಕಣವ್ವ" ಎನ್ನುತ್ತಿದ್ದಳು. ನಮ್ಮಲ್ಲಿ ಹೊರಟವರು ಯಾರೂ 'ಹೋಗ್ತೀನಿ' ಅನ್ನುವುದಿಲ್ಲವಲ್ಲ.

ಒಂದು ಭಾನುವಾರ ಹಾಗೆಂದು ಹೋದವಳು ಗುರುವಾರ ಮೈಸೂರಿನಲ್ಲಿ ತೀರಿಕೊಂಡಳು. ಆದರೂ ಕೊಟ್ಟ ಮಾತಿಗೆ ತಪ್ಪಲಿಲ್ಲ.

ತಿಥಿ ಮುಗಿಸಿ ಮನೆಯವರು ಮತ್ತೆ ಬಂದ ಶನಿವಾರ, ಮುಸ್ಸಂಜೆ. ನನ್ನ ಪಕ್ಕದ ಹುಲ್ಲು ಮೆಲ್ಲಗೆ ಒತ್ತಿಕೊಂಡಿತು. ಎಲೆಅಡಿಕೆಯ ವಾಸನೆ ಬಂತು. ಮೊದಲು ಹಿಗ್ಗಿದೆ, ಆಮೇಲೆ ನಡುಗಿದೆ. ಹುಲ್ಲು ಮತ್ತೆ ಎದ್ದಿತು. ನುಣುಪು ನೆಲದ ಮೇಲೆ ಒದ್ದೆ ಹೆಜ್ಜೆಗಳು ಮೂಡುತ್ತ ಒಳಗೆ ಹೋದವು. ತಡೆಯಲು ಅಲ್ಲಿ ಏನಿತ್ತು, ಮಣ್ಣಂಗಟ್ಟಿ!

"ಅಜ್ಜಿ ಬಂದ್ಲು" ಎಂದಳು ಇಳಾ. ವಾರಿಜ ನೆಲ ಒರೆಸಿದಳು.

ಮುಂದಿನ ಶನಿವಾರ ಹೆಜ್ಜೆಗಳು ಒಳಗಿನಿಂದ ಹೊರಗೆ ಬಂದವು. ದೊಡ್ಡವು ಎರಡು, ಪುಟ್ಟವು ಎರಡು. ಅದರ ಮುಂದಿನ ವಾರ ನನ್ನ ತನಕ ಬಂದವು. ಕೂಗಿಕೊಳ್ಳೋಣವೆಂದರೆ ನನಗೆ ಬಾಯಿಲ್ಲ. ನಾಲ್ಕನೆಯ ವಾರ ಮಗು ನನ್ನನ್ನು ದಾಟಿ ಕೊಳಕ್ಕೆ ಇಳಿಯಿತು. ವಾರಿಜ ಕಿರುಚುತ್ತ ಓಡಿ ಬರುವ ಹೊತ್ತಿಗೆ ನೀರು ಮಗುವಿನ ಎದೆಯ ತನಕ ಬಂದಿತ್ತು. ಯಾರೋ ಹಿಡಿದುಕೊಂಡಂತೆ ಒಂದು ಕೈ ಮೇಲಿತ್ತು.

"ಅಮ್ಮ, ಮನೆ ಇನ್ನೂ ಮುಗ್ದಿಲ್ವಂತೆ, ಅಜ್ಜಿ ಹೇಳಿದ್ಲು" ಎಂದಳು ಇಳಾ.

ಚೆಲುವಮ್ಮನಿಗೆ ಕೇಡು ಬಗೆಯುವ ಬುದ್ಧಿ ಇರಲಿಲ್ಲ, ನನ್ನಾಣೆ. ಮನೆ ಎಲ್ಲಿ ಮುಗಿಯಿತೆಂದು ಅವಳಿಗೆ ಗೊತ್ತಾಗಲಿಲ್ಲ, ಅಷ್ಟೇ.

ಮರುದಿನ ಬೆಳಿಗ್ಗೆಯೇ ಸಿದ್ಧಾಚಾರಿ ಬಂದು ನನ್ನನ್ನು ಎತ್ತಿದ. "ಡಿಸೈನ್ ಹಾಳಾಗುತ್ತೆ ಮೇಡಂ" ಎಂದು ಚಂದನ್ ಫೋನಿನಲ್ಲಿ ಗೋಗರೆದ.

"ಹಾಳಾಗ್ಲಿ" ಎಂದಳು ವಾರಿಜ. ಗಾಜಿನ ಬುಡದಲ್ಲಿ ನನ್ನನ್ನು ಕೂರಿಸಿ, ಅರಿಶಿನ ಬಳಿದಳು.

ಆ ಸಂಜೆಯೂ ಹೆಜ್ಜೆಗಳು ಕೊಳದ ಕಡೆಯಿಂದ ಬಂದವು. ನನ್ನ ಮುಂದೆ ನಿಂತವು. ಒಳಗೆ ಅಮ್ಮನ ತೋಳಲ್ಲಿದ್ದ ಇಳಾ "ಬಾ ಅಜ್ಜಿ" ಎಂದು ಅತ್ತಳು. ಆದರೂ ನಾನು ಜಗ್ಗಲಿಲ್ಲ. ತಣ್ಣಗಿನ, ಒದ್ದೆ ಬೆರಳೊಂದು ನನ್ನ ಹೊರಮೈಗೆ ಕುಂಕುಮ ಇಟ್ಟಿತು.

"ಹೋಗ್ತೀನಿ ಕಣವ್ವ."

ಆಮೇಲೆ ಹುಲ್ಲು ಒತ್ತಿಕೊಳ್ಳಲಿಲ್ಲ.

ಈಗ ನಾನು ನಡುವೆ ಸವೆದು ತಗ್ಗಾಗಿದ್ದೇನೆ. ಇಳಾ ನನಗಿಂತ ಉದ್ದ ಬೆಳೆದಿದ್ದಾಳೆ, ಹೊರಡುವಾಗ ಬಗ್ಗಿ ಮುಟ್ಟಿ "ಬರ್ತೀನಿ" ಎನ್ನುತ್ತಾಳೆ. ಎಷ್ಟೋ ಜನ ನನ್ನನ್ನು ದಾಟಿದರು, ಎಡವಿದರು, ಬೈದರು. ಇಷ್ಟು ವರ್ಷದಲ್ಲಿ ನಾನು ತಡೆದದ್ದು ಒಬ್ಬಳನ್ನೇ. ನನ್ನ ಮೇಲೆ ಕೂರದೆ ನೆಲದಲ್ಲಿ ಕೂತವಳನ್ನು.