ಎಡಬದಿಯ ಲೈಟು

ಉಗುರು ನಿಂತಿತು, ಅಲ್ಲಿಯೇ, ಎಡಬದಿಯ ಹೆಡ್‌ಲೈಟಿನ ಮೇಲೆ ಜಾರುತ್ತ ಬಂದ ನಿಯಾಝ್‌ನ ಹೆಬ್ಬೆರಳಿನ ಉಗುರು ಒಂದು ಕಡೆ ಸಿಕ್ಕಿ ನಿಂತಿತು, ಇದು ಸ್ವಲ್ಪ ಆಳ ಉಂಟು ಲತೇಶಣ್ಣ, ಆದರೂ ಹೋಗ್ತದೆ, ಮೊದಲು ಪಾಲಿಶಿನ ಕಾಂಪೌಂಡ್ ಹಾಕಿ ಉಜ್ಜುವುದು, ಮತ್ತೆ ಫಿಲ್ಮ್ ಅಂಟಿಸುವುದು, ಆಮೇಲೆ ಇಲ್ಲಿ ಗೀರು ಇತ್ತು ಅಂತ ನೀವೇ ಹೇಳಿದರೂ ಯಾರೂ ನಂಬಲಿಕ್ಕಿಲ್ಲ — ಯಾರೂ ನಂಬಲಿಕ್ಕಿಲ್ಲ, ಈ ಮಾತು ಇವನು ಎಲ್ಲ ಗಿರಾಕಿಗಳಿಗೂ ಹೇಳುತ್ತಾನೋ ತನಗೆ ಮಾತ್ರವೋ, ಲತೇಶ್ ಅವನ ಮುಖ ನೋಡಿದ, ಮುಖದಲ್ಲಿ ಎಂತದೂ ಇಲ್ಲ, ವ್ಯಾಪಾರ ಅಷ್ಟೇ, ಕೊಟ್ಟಾರದ ಹೈವೇಯಲ್ಲಿ ಲಾರಿ ಹೋದಾಗಲೆಲ್ಲ ಅಂಗಡಿಯ ಶಟರ್ ನಡುಗುತ್ತದೆ. ಬೆಳಗಿನ ಜಾವದಿಂದ ಬಂದರಿನ ಐಸ್ ಪ್ಲಾಂಟಿನಲ್ಲಿ ನಿಂತು ಮರಗಟ್ಟಿದ ಕಾಲು ಇನ್ನೂ ಬಿಸಿಯಾಗಿಲ್ಲ, ಊಟ ಬಿಟ್ಟು ಇಲ್ಲಿಗೆ ಬಂದದ್ದು, ಬರಿಸಿದ್ದು ಯಶ್ಮಿತಾ. ಪಪ್ಪ, ಹೆಡ್‌ಲೈಟಿಗೆ ಫಿಲ್ಮ್ ಹಾಕಿಸುವ, ಬಿಸಿಲಿಗೆ ಹಳದಿ ಆಗ್ತದಂತೆ. ಯಾವ ಬಿಸಿಲು ಮಗಳೇ, ಈ ಆಟಿ ತಿಂಗಳ ಮಳೆಯಲ್ಲಿ. ಟಯರಿಗೆ ಗಾಳಿ ಉಂಟಾ ಇಲ್ವಾ ಅಂತ ಬಗ್ಗಿ ನೋಡದವಳು, ಪೆಟ್ರೋಲ್ ಮುಗಿಸಿ ಕೀ ತಂದು ನೇತುಹಾಕುವವಳು, ಈಗ ಲೈಟಿನ ಕ್ಷೇಮಸಮಾಚಾರ ಕೇಳುತ್ತಾಳೆ, ಉಣ್ಣುವಾಗ, ಹೊರಡುವಾಗ, ಹೋದ್ರಾ ಪಪ್ಪ, ಯಾವಾಗ ಹೋಗ್ತೀರಿ. ಹೆಂಡತಿ ನಳಿನಾಕ್ಷಿಗೆ ನಗು, ಮಗಳಿಗೆ ಈಗಲಾದರೂ ಜವಾಬ್ದಾರಿ ಬಂತಲ್ಲ, ಅದಕ್ಕೂ ಸಂಶಯವಾ ನಿಮಗೆ, ಪೊಲೀಸಿಗೆ ಸೇರಬೇಕಿತ್ತು ನೀವು. ಗೀರಿನ ಮಾತು ಬಂದರೆ ಮಾತ್ರ ಅವಳು ಮೆಲ್ಲ ಒಳಗೆ ಹೋಗುತ್ತಾಳೆ, ಸಂಕ್ರಾಂತಿ ಸಂಕ್ರಾಂತಿಗೆ ಎರಡೂ ಲೈಟಿಗೆ ಗಂಧ ಕುಂಕುಮ ಇಡುವವಳು ಅವಳು, ಮಾರನೇ ದಿನ ಅದನ್ನು ತೆಂಗಿನ ನಾರಿನಲ್ಲಿ ಪಾತ್ರೆಯ ಹಾಗೆ ತಿಕ್ಕುವವಳೂ ಅವಳೇ, ಅದು ಪ್ಲಾಸ್ಟಿಕ್ ಮಾರಾಯ್ತಿ ಎಂದರೆ, ದೇವರ ಗಂಧ ಕೆಸರಾಗ್ಲಿಕ್ಕೆ ಬಿಡುವುದಾ. ನಾರಿನ ಗೀರು ಅವನಿಗೆ ಗೊತ್ತು, ಗುಂಡಗೆ, ಅವಳ ಕೈ ತಿರುಗಿದ ಹಾಗೆ ಸುತ್ತಿ ಸುತ್ತಿ, ಬಲಬದಿಯಲ್ಲಿಯೂ ಉಂಟು. ಇದು ಗುಂಡಗಿಲ್ಲ. ಆ ಸುತ್ತುಗಳನ್ನೆಲ್ಲ ಕತ್ತರಿಸಿಕೊಂಡು ಒಂದೇ ನೇರ ಗೆರೆ.

ಗೇಟಿಗೆ ತಾಗಿರಬೇಕು, ಗೇಟಿಗೆ ತಾಗಿದರೆ ಬಂಪರ್ ಬಿಡ್ತದಾ, ಬಂಪರಿನಲ್ಲಿ ಎಂತದೂ ಇಲ್ಲ — ಆದಿತ್ಯವಾರ ಬೆಳಿಗ್ಗೆ ಗೆಳತಿಯನ್ನು ರೈಲಿಗೆ ಬಿಡಲಿಕ್ಕೆಂದು ಕಾರು ಕೊಂಡುಹೋದವಳು, ಬಂದು ತಲೆನೋವು ಎಂದು ಮಲಗಿದವಳು, ನೀರುದೋಸೆ ತಟ್ಟೆಯಲ್ಲಿಯೇ ಒಣಗಿತು, ಅದೇ ಬೆಳಿಗ್ಗೆ, ಬೇಡ, ಅದನ್ನು ಇದಕ್ಕೆ ಜೋಡಿಸಬೇಡ, ಊರಲ್ಲಿ ಇಂಥ ಬಿಳಿ ಕಾರು ಸಾವಿರ ಉಂಟು, ಅದೇ ಬೆಳಿಗ್ಗೆ ಪೂಜೆಗೆಂದು ಇಗರ್ಜಿಗೆ ಹೊರಟಿದ್ದ ಹಿಂದಿನ ಓಣಿಯ ಮಟಿಲ್ಡಾ ಬಾಯಿಗೆ ಬಲ್ಮಠದ ಹತ್ತಿರ ಯಾವುದೋ ಬಿಳಿ ಕಾರು ಹಿಂದಿನಿಂದ ತಾಗಿ, ನಿಲ್ಲಿಸದೆ ಹೋಯಿತು, ಸೊಂಟದ ಎಲುಬು ಮುರಿದಿದೆ, ಕ್ರಿಸ್ಮಸ್ಸಿಗೆ ಯಶ್ಮಿತಾಳಿಗೆಂದೇ ಬೇರೆ ಡಬ್ಬದಲ್ಲಿ ಕುಸ್ವಾರ್ ತಿಂಡಿ ತುಂಬಿಸಿ ಕಳಿಸುವ ಬಾಯಿ. ನಿನ್ನೆ ಆಸ್ಪತ್ರೆಯಲ್ಲಿ ಅವನ ಕೈ ಹಿಡಿದು, ಲತೇಶ್ ಪುತಾ, ಎಲ್ಲ ಬೆಳ್ಳಗೆ ಕಂಡಿತು, ಸ್ವರ್ಗವೇ ಬಂತು ಎಂದುಕೊಂಡೆ, ನೋಡಿದರೆ ಕಾರು — ಎಂದು ನಗಲಿಕ್ಕೆ ಹೋಗಿ ನೋವಿಗೆ ಹಲ್ಲು ಕಚ್ಚಿದರು, ಮಂಚಕ್ಕೆ ಒರಗಿಸಿಟ್ಟ ಕಪ್ಪು ಕೊಡೆ, ಬಟ್ಟೆ ಹರಿದು ಹೊರಗೆ ಚಾಚಿದ ಒಂದೇ ಒಂದು ಕಡ್ಡಿ, ಅದನ್ನು ಅವನು ಯಾಕೆ ಅಷ್ಟು ಹೊತ್ತು ನೋಡಿದ, ಮನೆಗೆ ಬಂದು ಕೊಡೆಯ ಸುದ್ದಿ ಯಾಕೆ ಎತ್ತಲಿಲ್ಲ, ಬಾಯಿ ಹುಷಾರಾಗ್ತಾರೆ ಎಂದಷ್ಟೇ ಹೇಳಿ ಕೈಕಾಲು ತೊಳೆದ, ಯಶ್ಮಿತಾ ಅಡುಗೆಕೋಣೆಯ ಬಾಗಿಲಲ್ಲಿ ನಿಂತು ಅಷ್ಟನ್ನು ಕೇಳಿಸಿಕೊಂಡು ಒಳಗೆ ಹೋದಳು.

ಶುರು ಮಾಡ್ಲಾ ಅಣ್ಣ, ನಿಯಾಝ್ ಉಜ್ಜುವ ಮೆಷಿನಿನ ವಯರ್ ಬಿಡಿಸುತ್ತಿದ್ದಾನೆ. ಇರು ಮಾರಾಯ. ಎಂತ ಇಷ್ಟು ಆಲೋಚನೆ, ಹೆಣ್ಣು ನೋಡ್ಲಿಕ್ಕೆ ಬಂದ ಹಾಗೆ. ಅಂಟಿಸಿದರೆ ಎಂತ ಆಗ್ತದೆ, ಎಂತದೂ ಆಗುವುದಿಲ್ಲ, ಎಂತದೂ ಆಗಿಯೇ ಇಲ್ಲ ಎಂದಾಗ್ತದೆ, ಐಸಿನಲ್ಲಿ ಕೈ ಸುಟ್ಟುಕೊಳ್ಳುವುದು ಮತ್ತೆ ಯಾರಿಗಾಗಿ, ಆದರೆ ಡಿಸೆಂಬರಿನಲ್ಲಿ ಆ ಡಬ್ಬ ಬಂದರೆ ಯಾವ ಕೈಯಲ್ಲಿ ಹಿಡಿಯುವುದು — ಅಥವಾ ಇದೆಲ್ಲ ತನ್ನದೇ ಹಾಳುಬುದ್ಧಿ, ನಿದ್ದೆಗೆಟ್ಟವನ ತಲೆ, ಹೆತ್ತ ಮಗಳ ಮೇಲೆ, ಫೋನ್, ಅವಳೇ, ಉಜ್ಜಿ ಆಯ್ತಾ ಪಪ್ಪ. ಉಜ್ಜುವುದು ಉಂಟು ಎಂದು ಇವಳಿಗೆ ಯಾರು ಹೇಳಿದರು. ಇಲ್ಲ ಮಗಾ, ಸಂಜೆ ಮಟಿಲ್ಡಾ ಬಾಯಿಯನ್ನು ನೋಡಿ ಬರುವ, ನೀನೂ ಬಾ. ಒಂದು ಲಾರಿ ಹೋಯಿತು, ಇನ್ನೊಂದು, ಮತ್ತೆ ಆಚೆಯಿಂದ ತೀರಾ ಸಣ್ಣ ಸ್ವರದಲ್ಲಿ, ಅವರ ಕೊಡೆ ಸಿಕ್ಕಿತಾ ಪಪ್ಪ. ಮೆಷಿನ್ ಗುಂಯ್ ಎಂದಿತು, ಲತೇಶನ ಅಂಗೈ ಲೈಟಿನ ಮೇಲೆ, ಬೇಡ ನಿಯಾಝ್, ಉಜ್ಜಬೇಡ, ಅದು ಹಾಗೇ ಇರ್ಲಿ, ಅಂಗೈಯ ಅಡಿಯಲ್ಲಿ ಆ ಗೆರೆ, ಕಿವಿಯಲ್ಲಿ ಪಪ್ಪ, ಪಪ್ಪ, ಮಳೆ, ಕಪ್ಪು ಬಟ್ಟೆ, ಹೊರಗೆ ಚಾಚಿದ ಕಡ್ಡಿ, ಕಡ್ಡಿಯ ತುದಿ —