ಬರಣಿಯಲ್ಲಿಟ್ಟ ಕೆರೆಯ ಕೆಸರು

ಎರಡು ಸಾವಿರದ ಹದಿನಾರರ ಏಪ್ರಿಲ್. ಠಾಣಾ ಕುಶನೂರದ ಹತ್ತಿರದ ನಮ್ಮ ಶಾಲೆಯ ಹಳ್ಳಿಯಲ್ಲಿ ಕೆರೆ ತಳ ಕಂಡಿತ್ತು. ಹೆಂಗಸರು ಕೆಸರಿನಲ್ಲಿ ವರತಿ ಗುಂಡಿ ತೋಡಿದರು. ನೀರು ತಿಳಿಯಾಗಿಯೇ ಬಂತು. ಆದರೆ ಎರಡು ವರ್ಷದ ಹಿಂದೆ ಕೀಟನಾಶಕದ ಪೀಪಾಯಿ ತುಂಬಿದ ಲಾರಿಯೊಂದು ಇದೇ ಕೆರೆಯಲ್ಲಿ ಮಗುಚಿತ್ತು. ಅದಕ್ಕೇ ಆ ನೀರು ಕುಡಿಯಲು ಎಲ್ಲರಿಗೂ ಅಂಜಿಕೆ. ಪರೀಕ್ಷೆಗೆಂದು ಯಾರೋ ಬಂದು ಬಾಟಲಿಯಲ್ಲಿ ನೀರು ಒಯ್ದು ತಿಂಗಳಾಗಿತ್ತು. ವರದಿ ಬರುವಷ್ಟರಲ್ಲಿ ಮಳೆಗಾಲವೇ ಬಂದೀತೆಂದು ನನಗೆ ಸಿಟ್ಟು.

ನಾನು ಎಡಿತ, ಬೀದರಿನಿಂದ ಬಂದುಹೋಗುವ ವಿಜ್ಞಾನ ಶಿಕ್ಷಕಿ. ಸಮುದ್ರತಳದ ಕೆಸರಿನಲ್ಲಿ ವಿಷವಿದೆಯೇ ಎಂದು ಕಡಲಪಾಚಿ ಬಿಟ್ಟು ನೋಡುವುದನ್ನು ಕಾರವಾರದ ತರಬೇತಿಯಲ್ಲಿ ಕಲಿತಿದ್ದೆ. ವಿಷವಿದ್ದರೆ ಪಾಚಿ ಬೆಳ್ಳಗಾಗಿ ಸಾಯುತ್ತದೆ. ಕಡಲಿಲ್ಲದ ಊರಲ್ಲಿ ಕುಡಿಯಲು ಬಾರದ ಸವಳು ಬಾವಿಯ ಪಾಚಿಯೇ ಗತಿ. ಶುಕ್ರವಾರ ಒಂದು ಗಾಜಿನ ಬರಣಿಯಲ್ಲಿ ಕೆರೆಯ ಕೆಸರು, ಇನ್ನೊಂದರಲ್ಲಿ ಶಾಲೆಯ ಮಣ್ಣು ಹಾಕಿ, ಎರಡಕ್ಕೂ ಆ ಬಾವಿಯದೇ ನೀರು ಬೆರೆಸಿ ಪಾಚಿ ಬಿಟ್ಟೆ.

ಶಾಲೆಯ ಕೀಲಿಕೈ ಬಿಸಿಯೂಟ ಬೇಯಿಸುವ ಜಿಜಾಬಾಯಿಯ ಹತ್ತಿರ ಇರುತ್ತಿತ್ತು. ಅವಳ ಸೊಸೆ ಶಾಲುಬಾಯಿಗೆ ಎಂಟು ತಿಂಗಳು. ಇಟ್ಟಿಗೆ ಭಟ್ಟಿಗೆ ಜನರನ್ನು ಒಯ್ಯುವ ಲಾರಿ ಸೋಮವಾರ ಬರುವುದಿತ್ತು.

"ಬಾಯೋರ, ನೀರು ಛಲೋ ಅದ ಅಂದ್ರ ಇಕಿ ಮನ್ಯಾಗೇ ಇರ್ತಾಳ್ರಿ. ಇಲ್ಲಂದ್ರ ಲಾರಿ ಮ್ಯಾಲೇ ಹಡೀತಾಳ."

"ಸೋಮವಾರ ಹೇಳ್ತೇನಿ," ಎಂದು ಬಸ್ಸು ಹತ್ತಿದೆ. ಬರಣಿ ಯಾಕೆ ಇಟ್ಟೆ, ಯಾಕೆ ಮುಟ್ಟಬಾರದು ಎಂದು ಹೇಳಲಿಲ್ಲ. ಹೇಳಿದರೆ ಇವರಿಗೇನು ತಿಳಿದೀತು ಎಂಬ ಗರ್ವ ನನ್ನದು.

ಸೋಮವಾರ ಹೋದಾಗ ಲಾರಿ ಹಾರ್ನ್ ಹೊಡೆಯುತ್ತಿತ್ತು. ಓಡಿಹೋಗಿ ನೋಡಿದೆ. ಎರಡು ಬರಣಿಯಲ್ಲೂ ಪಾಚಿ ಹಚ್ಚಹಸಿರು!

"ಕುಡೀರಿ, ಏನೂ ಆಗಲ್ಲ! ಶಾಲುಬಾಯಿ ಇಲ್ಲೇ ಇರಲಿ!" ಎಂದು ಕೂಗಿದೆ. ಅವಳ ಗಂಡ ಪಂಢರಿ ಒಬ್ಬನೇ ಲಾರಿ ಹತ್ತಿ ಹೋದ. ಹೆಂಗಸರು ಕೊಡ ಹಿಡಿದು ಕೆರೆಗೆ ಇಳಿದರು. ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ.

ಜಿಜಾಬಾಯಿ ಒಲೆ ಹೊತ್ತಿಸುತ್ತಾ ನಕ್ಕಳು. "ನಾ ಭಾಳ ಜೋಪಾನ ಮಾಡೀನ್ರಿ ಬಾಯೋರ. ಐತವಾರ ಒಂದು ಬರಣ್ಯಾಗ ಪಾಚಿ ಬೆಳ್ಳಗಾಗಿ ಸತ್ತಿತ್ತು. ತೆಗದು ಚೆಲ್ಲಿ, ಬಾವಿದು ಬ್ಯಾರೆ ತಂದು ಹಾಕೀನಿ."

ನಾನು ಬರಣಿಗಳತ್ತ ತಿರುಗಿದೆ. "ಯಾವ ಬರಣ್ಯಾಗ?"

"ಕೆರಿ ಕೆಸರಿಂದು. ಬುದ್ಧನ ಫೋಟೋ ಮುಂದ ಬಾಡಿದ ಹೂವು ಇಡ್ತೇವೇನ್ರಿ? ದಿನಾ ಹೊಸಾದು ಇಡ್ತೇವಿ. ನೀವು ಅಷ್ಟು ಆಸ್ಥಾದಿಂದ ಇಟ್ಟೀರಿ, ಅದಕ್ಕ..."

"ಅದು ಸತ್ರ ನೀರಾಗ ವಿಷ ಅದ ಅಂತ ಅರ್ಥರಿ, ಜಿಜಾಬಾಯಿ!"

ಅವಳು ಸೀರೆ ಎತ್ತಿ ಕಟ್ಟಿ ಕೆರೆಯ ಕಡೆ ಓಡಿದಳು. "ಕುಡೀಬ್ಯಾಡ್ರಿ!" ಎಂದು ಒದರುತ್ತಾ ನಾನು ಹಿಂದೆ ಓಡಿದೆ. ವರತಿಯ ದಂಡೆಯಲ್ಲಿ ಶಾಲುಬಾಯಿ ತಂಬಿಗೆ ಬಾಯಿಯ ಹತ್ತಿರ ಎತ್ತಿದ್ದಳು. ಜಿಜಾಬಾಯಿ ಅದನ್ನು ಹೊಡೆದು ಕೆಡವಿದಳು. ಉಳಿದವರು ಗಾಬರಿಯಿಂದ ಕೊಡ ಬೋರಲು ಹಾಕಿದರು.

ಶಾಲುಬಾಯಿ ಒದ್ದೆ ಸೆರಗು ಹಿಡಿದು ನನ್ನನ್ನೇ ನೋಡಿದಳು. "ನಿಮ್ಮ ಮಾತು ಕೇಳಿ ಗಂಡನ್ನೂ ಕಳಿಸೀನಿ. ಮುಂಜಾನಿಂದ ಒಂದು ಗುಟುಕು ಇಲ್ಲ. ಈಗ ಏನು ಕುಡೀಲ್ರಿ, ಬಾಯೋರ?"

ತಪ್ಪು ಜಿಜಾಬಾಯಿಯದಲ್ಲ, ನನ್ನದು. ಚೀಲದಲ್ಲಿ ಬೀದರಿನಿಂದ ತಂದ ಅರ್ಧ ಬಾಟಲಿ ನೀರಿತ್ತು, ಕೊಟ್ಟೆ. "ಮಧ್ಯಾಹ್ನದ ಬಸ್ಸಿಗೆ ಇಬ್ಬರೂ ನಮ್ಮ ಮನಿಗೆ ನಡೀರಿ," ಎಂದೆ. ಶಾಲುಬಾಯಿ ಎರಡು ಗುಟುಕು ಕುಡಿದು ಬಾಟಲಿಯನ್ನು ಅತ್ತೆಗೆ ಚಾಚಿದಳು.

ಜಿಜಾಬಾಯಿ ಮುಟ್ಟಲಿಲ್ಲ. ಒಣ ಕೆಸರಿನ ಮೇಲೆ ಕುಸಿದು ಕುಳಿತಳು.

"ನೀನೇ ಕುಡಿ, ನನ್ನವ್ವಾ. ನನ್ನ ಕೈಲೇ ನಿನಗ ವಿಷಾ ಕುಡಸ್ತಿದ್ದೆ."