ಛತ್ರಿ ಕಡ್ಡಿಯ ಬಾಣ

ನಮ್ಮವರ ಶಿಸ್ತಿಗೆ ಇಡೀ ಧಾರವಾಡದಲ್ಲಿ ಸಾಟಿ ಇರಲಿಲ್ಲ. ಕಚೇರಿಯಲ್ಲಿ ಹೇಗೋ ನಾ ಕಾಣೆ, ಮನೆಯಲ್ಲಂತೂ ನೀರು ಕುಡಿಯುವುದಕ್ಕೂ ಕಾಯಿದೆ. ಅಂಥವರು ದಸರೆಗೆ ಹಿತ್ತಲಲ್ಲಿ ಬಾಣದ ಆಟ ಇಡೋಣ ಎಂದಾಗ, ಇವರಿಗೇನಾಯಿತಪ್ಪಾ ಎಂದು ನಾನೇ ಕಣ್ಣು ಕಣ್ಣು ಬಿಟ್ಟೆ.

ಹುಚ್ಚು ಹಚ್ಚಿದವನು ನನ್ನ ಮೈದುನ ಬಿಂದುಮಾಧವ. ಹೆಸರಿಗೆ ಶಾಲೆಯ ಮಾಸ್ತರ, ಬುದ್ಧಿ ಮಾತ್ರ ಅವನ ಹುಡುಗರದೇ. ಮುರಿದ ಛತ್ರಿಗಳ ಕಡ್ಡಿ ಕಿತ್ತು, ಒಗೆಯುವ ಕಲ್ಲಿಗೆ ತಿಕ್ಕಿ ತಿಕ್ಕಿ ಮೊನೆ ಮಾಡಿ, ಬಿದಿರು ಬಗ್ಗಿಸಿ ಬಿಲ್ಲು ಕಟ್ಟಿದ್ದ. ಆಯುಧಗಳನ್ನು ಪೂಜಿಸುವ ಖಂಡೇಪೂಜೆಯ ದಿನ ಅದಕ್ಕೂ ಅರಿಶಿನ ಕುಂಕುಮ ಏರಿಸಿದ್ದಾಯಿತು. ಮರುದಿನ ಬನ್ನಿ ಮುಡಿಯಲು ಹೋಗುವ ಮೊದಲು ಒಬ್ಬೊಬ್ಬರೂ ಒಂದು ಬಾಣ ಬಿಡಬೇಕು. ಗುರಿಗೆ ಒಂದು ಬೂದುಗುಂಬಳ.

ಬಿಂದು ಅದನ್ನು ಬಾವಿಯ ಪಕ್ಕದ ಕಲ್ಲಿನ ಗೋಡೆಗೆ ತೂಗಿಹಾಕಿದ್ದ. ನಮ್ಮವರು ತೆಗೆಸಿದರು. "ಕಲ್ಲಿಗೆ ಬಡದು ತಿರಗಿ ಬಂತಂದ್ರ ಯಾರ ಕಣ್ಣು ಹೋಗ್ತದೋ ಏನೋ. ಕೊಟ್ಟಿಗಿ ತಟ್ಟಿಗೆ ಕಟ್ಟು. ಜ್ವಾಳದ ದಂಟಿನ ತಟ್ಟಿ, ಬಾಣ ಅಲ್ಲೇ ನಾಟ್ತದ. ಆಕಳೂ ಮೇಯಲಿಕ್ಕೆ ಹೋಗ್ಯಾವ." ಆಮೇಲೆ ಸುಣ್ಣದ ಗೆರೆ ಎಳೆದರು. ಯಾರೂ ಗೆರೆ ದಾಟಬಾರದು, ಎಲ್ಲರನ್ನೂ ಎಣಿಸುವ ತನಕ ಬಿಲ್ಲು ಎತ್ತಬಾರದು.

ನಾನು ಮಡಿಯುಟ್ಟು ಅಡಿಗೆಮನೆಯಲ್ಲಿ ಹೋಳಿಗೆ ಬೇಯಿಸುತ್ತಿದ್ದೆ. ನಮ್ಮವರು ಮಕ್ಕಳಿಬ್ಬರಿಂದ ಎಣಿಕೆ ಶುರುಮಾಡಿದ್ದು ಕಿಟಕಿಯಿಂದ ಕೇಳುತ್ತಿತ್ತು.

"ಸುಲಭಾ? ಪಂಢರಿ? ಗೆರಿ ಹಿಂದ ನಿಂದರ್ರಿ. ನಿಮ್ಮವ್ವ ಅಡಿಗಿಮನ್ಯಾಗ, ಅಜ್ಜಿ ದೇವರಮನ್ಯಾಗ. ಲೆಕ್ಕ ಬರೋಬರಿ. ಬಿಂದು, ಬಿಡು."

ನನ್ನ ಕೈಯೊಳಗಿನ ಹೋಳಿಗೆ ಅಲ್ಲೇ ನಿಂತಿತು. ಇಂದುವನ್ನು ಎಣಿಸಲಿಲ್ಲವಲ್ಲ!

ಇಂದು ಬಿಂದುವಿನ ಹೆಂಡತಿ, ನನ್ನ ನೆಗೆಣ್ಣಿ. ಹಿಂದಿನ ದಿನ ಮುಟ್ಟಾಗಿ ಹೊರಗೆ ಕೂತಿದ್ದಳು. ಯಾವಾಗಲೂ ಕೂಡುವ ಮೂಲೆಯ ಕೋಣೆಯನ್ನು ಹಬ್ಬಕ್ಕೆ ಬರುವವರಿಗೆಂದು ಸಾರಿಸಿಟ್ಟು, ಅತ್ತೆಯವರು ಅವಳನ್ನು ಬೆಳಿಗ್ಗೆಯೇ ಕೊಟ್ಟಿಗೆಗೆ ಕಳಿಸಿದ್ದರು. ಇಂಥವನ್ನು ಗಂಡಸರಿಗೆ ಯಾರು ಹೇಳುತ್ತಾರೆ? ಅವರೂ ಕೇಳುವುದಿಲ್ಲ. ಹೊರಗಾದ ಹೆಂಗಸು ಆ ದಿನಗಳಲ್ಲಿ ಮನೆಯ ಲೆಕ್ಕದಲ್ಲೇ ಇರುವುದಿಲ್ಲ.

"ನಿಂದ್ರಸ್ರೀ!" ಎಂದು ಒದರುತ್ತ ಓಡಿದೆ. ಬಾಣ ಆಗಲೇ ಹೊರಟಿತ್ತು. ಕುಂಬಳದ ಪಕ್ಕದಲ್ಲಿ ಹಾದು, ದಂಟಿನ ಸಂದಿಯಲ್ಲಿ ಪೂರಾ ಒಳಗೆ ಹೋಯಿತು. ಒಳಗಿನಿಂದ ಹೂಂ ಇಲ್ಲ, ಹಾಂ ಇಲ್ಲ. ಅಯ್ಯೋ ದೇವರೇ, ಆ ಹಿತ್ತಲು ದಾಟುವಷ್ಟರಲ್ಲಿ ನನ್ನ ಜೀವವೇ ಬಾಯಿಗೆ ಬಂತು.

ಇಂದು ತಟ್ಟಿಗೆ ಬೆನ್ನು ಕೊಟ್ಟು ಕೂತಿದ್ದಳು. ಬಾಣ ಎದುರಿನ ಕಂಬದಲ್ಲಿ ನಾಟಿತ್ತು. ಅವಳ ಕಿವಿ ಸೀಳಿ, ರಕ್ತ ಕುತ್ತಿಗೆಗೆ ಇಳಿಯುತ್ತಿತ್ತು. ಸೆರಗು ಬಾಯಿಗೆ ತುರುಕಿಕೊಂಡಿದ್ದಳು.

"ಯಾಕ ಒದರಲಿಲ್ಲ, ಹುಚ್ಚಿ?"

"ಹಬ್ಬದ ದಿನ ನಿನ್ನ ಧ್ವನಿ ಮಡಿಯವರ ಕಿವಿಗೆ ಬೀಳಬಾರದು ಅಂದಿದ್ರು ಅತ್ತಿಯವರು." ಅವಳು ಸೆರಗನ್ನು ಕಿವಿಗೆ ಒತ್ತಿಕೊಂಡಳು. "ಭಾವನವರು ಎಣಸಲಿಕ್ಕತ್ತಿದ್ರಲ್ಲ, ನನ್ನ ಲೆಕ್ಕ ಬಂದ ಕೂಡಲೇ ಓ ಅನ್ನೋಣಂತ ಕೂತೆ. ಬರಲೇ ಇಲ್ರೀ ವೈನಿ."

ನಾನು ಅವಳನ್ನು ಗಟ್ಟಿಯಾಗಿ ತಬ್ಬಿಕೊಂಡೆ. ಹಿಂದಿನಿಂದ ಅತ್ತೆಯವರ ಕೂಗು ಬಂತು: "ಅಯ್ಯ, ಮಡಿ ಹೋತಲ್ಲೇ! ಇನ್ನೂ ನೈವೇದ್ಯ ಆಗಿಲ್ಲ!"

"ಹೋಗ್ಲಿ ಬಿಡ್ರಿ! ಸೊಸಿ ಹೋಗಿದ್ರ ಏನ್ಮಾಡ್ತಿದ್ರಿ?" ಮದುವೆಯಾಗಿ ಬಂದಾಗಿನಿಂದ ಅವರಿಗೆ ಎದುರಾಡಿದ್ದು ಅದೇ ಮೊದಲು.

ನಮ್ಮವರು ಬಾಗಿಲಲ್ಲಿ ಬಂದು ನಿಂತರು. ಮುಖ ಸುಣ್ಣದಂತಾಗಿತ್ತು. "ನಾ ಎಲ್ಲಾ ಕಾಳಜಿ ತಗೊಂಡಿದ್ದೆ..." ಎಂದರು.

"ಹೌದ್ರಿ, ತಗೊಂಡಿದ್ರಿ. ಕೊಟ್ಟಿಗ್ಯಾಗಿನ ಆಕಳೂ ನೆನಪಿದ್ವು ನಿಮಗ."

ಬಿಂದು ಬಿಲ್ಲನ್ನು ಕೈಯಲ್ಲಿ ಹಿಡಿದೇ ಅಳುತ್ತಿದ್ದ. ಆ ವರ್ಷ ನಮ್ಮ ಮನೆಯ ದೇವರಿಗೆ ಹೋಳಿಗೆಯ ಬದಲು ಬರೀ ಬೆಲ್ಲದ ನೈವೇದ್ಯವಾಯಿತು.

ದೀಪಾವಳಿ ಕಳೆದ ಮೇಲೆ ಹುಡುಗರು ಮತ್ತೆ ಕಾಡಿದರು. ಈ ಸಲ ಬಾವಿಯ ಕಡೆಯ ಕಲ್ಲುಗೋಡೆಗೆ ಹುಲ್ಲು ತುಂಬಿದ ಗೋಣಿಚೀಲ ಆನಿಸಿ, ಅದರ ಮೇಲೆ ಗುರಿ ಬರೆದರು. ಇಂದು ಮತ್ತೆ ಹೊರಗೆ ಕೂತಿದ್ದಳು. ಆ ಪದ್ಧತಿ ಬಿಡಿಸುವ ಶಕ್ತಿ ಆಗ ನನಗೂ ಇರಲಿಲ್ಲ. ನಮ್ಮವರು ಎಣಿಸುತ್ತ ಬಂದರು. ಸುಲಭಾ, ಪಂಢರಿ, ನಾನು, ಅತ್ತೆಯವರು. ಅಲ್ಲಿಗೆ ತಡೆದರು. ತಮ್ಮನ ಹೆಂಡತಿಯ ಹೆಸರು ಅವರ ಬಾಯಲ್ಲಿ ಬರುವುದು ಹೇಗೆ?

ಬಿಂದು ಬಿಲ್ಲನ್ನು ನೆಲಕ್ಕಿಟ್ಟ. ಹಿರಿಯರ ಎದುರು ಹೆಂಡತಿಯ ಹೆಸರು ಹಿಡಿದು ಕೂಗಿದ ಗಂಡಸು ನಮ್ಮ ಮನೆತನದಲ್ಲಿ ಅದುವರೆಗೆ ಇರಲಿಲ್ಲ.

"ಇಂದೂ!"

ದೇವರಮನೆಯಲ್ಲಿ ಅತ್ತೆಯವರ ಜಪ ನಿಂತಿತು.

"ಇದ್ದೀನ್ರೀ!" ಮೂಲೆಯ ಕೋಣೆಯಿಂದ, ಓಣಿಗೆಲ್ಲ ಕೇಳುವ ಹಾಗೆ.

"ಲೆಕ್ಕ ಬರೋಬರಿ," ಎಂದರು ನಮ್ಮವರು. ಆಮೇಲೆಯೇ ಬಿಂದು ಬಿಲ್ಲು ಎತ್ತಿದ.